ಪಂಡಿತಾ ರಮಾಬಾಯಿ: ಮನೆ, ಸಭೆ, ಸೇವೆ

ಹತ್ತೊಂಬತ್ತನೆಯ ಶತಮಾನದ ಭಾರತದ ಸಾಮಾಜಿಕ ಇತಿಹಾಸವನ್ನು ಬರೆದವರಲ್ಲಿ ಪಂಡಿತಾ ರಮಾಬಾಯಿಯವರ ಹೆಸರನ್ನು ಎತ್ತದವರು ವಿರಳ. ಆದರೆ ಅವರ ಜೀವನವನ್ನು ಸಮಗ್ರವಾಗಿ ಕಂಡವರೂ ವಿರಳರೇ. ಸಮಾಜ ಸುಧಾರಣೆಯ ಚರಿತ್ರಕಾರರು ಅವರನ್ನು 1878ರಲ್ಲಿ ಕಲ್ಕತ್ತೆಯ ವಿದ್ವಾಂಸರನ್ನು ಬೆರಗುಗೊಳಿಸಿದ ಸಂಸ್ಕೃತ ಪಂಡಿತೆಯೆಂದು ಹೊಗಳಿ, 1883ರ ಮತಾಂತರದ ಪ್ರಸಂಗ ಬಂದೊಡನೆ ಅವರ ಪ್ರಸ್ತಾಪವನ್ನು ಸಂಕ್ಷೇಪಗೊಳಿಸುತ್ತಾರೆ. ಕ್ರೈಸ್ತ ಸಭೆಗಳ ಚರಿತ್ರಕಾರರಾದರೋ ಆ ವರ್ಷದಿಂದಲೇ ಕಥೆಯನ್ನು ಆರಂಭಿಸಿ, ಅದಕ್ಕೆ ಹಿಂದಿನದನ್ನೆಲ್ಲ ಪೀಠಿಕೆಯೆಂಬಂತೆ ಕಾಣುತ್ತಾರೆ. ಹೀಗೆ ಒಂದೇ ಜೀವನ ಎರಡು ಹೋಳಾಗಿ ಎರಡು ಬಗೆಯ ಗ್ರಂಥಗಳಲ್ಲಿ ಹಂಚಿಹೋಗಿದೆ.

ಪ್ರಕೃತ ಲೇಖನದ ಉದ್ದೇಶ ಈ ಎರಡು ಹೋಳುಗಳನ್ನು ಜೋಡಿಸಿ ನೋಡುವುದು. ಕುಟುಂಬ, ಸಭೆ, ಸಮಾಜಸೇವೆ ಎಂಬ ಮೂರೂ ರಮಾಬಾಯಿಯವರಿಗೆ ಬೇರೆ ಬೇರೆ ಕರ್ತವ್ಯಗಳಾಗಿರಲಿಲ್ಲವೆಂದೂ, ಅವರ ಸೇವೆಯ ಮೂಲ ಅವರು ಕಳೆದುಕೊಂಡ ಮನೆಯಲ್ಲಿದೆಯೆಂದೂ, ಅವರು ಕಟ್ಟಿದ ಸಭೆ ಮನೆಯಿಲ್ಲದವರ ಮನೆಯಾಗಿತ್ತೆಂದೂ ಇಲ್ಲಿ ತೋರಿಸಲು ಯತ್ನಿಸಿದೆ. ರಮಾಬಾಯಿಯವರು ಹುಟ್ಟಿದ್ದು ನಮ್ಮ ಸಹ್ಯಾದ್ರಿಯ ಸೆರಗಿನಲ್ಲಿ; ಅವರ ಕೊನೆಯ ದಶಕದ ಒಂದು ಮುಖ್ಯ ಕಾರ್ಯಕ್ಷೇತ್ರ ನಮ್ಮ ಗುಲ್ಬರ್ಗ. ಆದುದರಿಂದ ಕನ್ನಡ ನಾಡಿನ ಇತಿಹಾಸ ವಿದ್ಯಾರ್ಥಿಗಳಿಗೆ ಈ ವಿಷಯ ಪರಕೀಯವೇನೂ ಅಲ್ಲ.

ಮಾಳದ ಶಾಸ್ತ್ರಿಗಳ ಮನೆ

ರಮಾಬಾಯಿಯವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಚಿತ್ಪಾವನ ಬ್ರಾಹ್ಮಣರು. ಅವರ ಮನೆತನ ಕಾರ್ಕಳದ ಬಳಿಯ ಮಾಳದಲ್ಲಿ ನೆಲೆಸಿತ್ತು. ಯೌವನದಲ್ಲಿ ಅವರು ಪುಣೆಗೆ ಹೋಗಿ, ಎರಡನೆಯ ಬಾಜಿರಾಯ ಪೇಶ್ವೆಯ ಆಶ್ರಯದಲ್ಲಿದ್ದ ರಾಮಚಂದ್ರ ಶಾಸ್ತ್ರಿಗಳಲ್ಲಿ ವ್ಯಾಸಂಗ ಮಾಡಿದರು. ಪೇಶ್ವೆಯ ಪತ್ನಿಗೆ ಗುರುಗಳು ಸಂಸ್ಕೃತ ಪಾಠ ಹೇಳುತ್ತಿದ್ದುದನ್ನು ಕಂಡ ಶಿಷ್ಯನ ಮನಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟಿತು: ಅರಸಿಗೆ ಸಲ್ಲುವ ವಿದ್ಯೆ ಗೃಹಿಣಿಗೆ ಏಕೆ ಸಲ್ಲಬಾರದು? ಊರಿಗೆ ಮರಳಿದ ಮೇಲೆ ಪತ್ನಿಗೆ ಪಾಠ ಹೇಳಲು ಅವರು ತೊಡಗಿದರಾದರೂ ಮನೆಯ ಹಿರಿಯರ ವಿರೋಧದಿಂದ ಅದು ಸಾಗಲಿಲ್ಲ.

ಮೊದಲ ಪತ್ನಿ ತೀರಿಕೊಂಡ ಬಳಿಕ, ತಮ್ಮ 44ನೆಯ ವಯಸ್ಸಿನಲ್ಲಿ, ತೀರ್ಥಯಾತ್ರೆಯ ಸಂದರ್ಭದಲ್ಲಿ ಗೋದಾವರಿಯ ತೀರದಲ್ಲಿ ಭೇಟಿಯಾದ ಒಬ್ಬ ಯಾತ್ರಿಕರ 9 ವರ್ಷದ ಮಗಳು ಲಕ್ಷ್ಮೀಬಾಯಿಯನ್ನು ಅವರು ಮದುವೆಯಾದರು. ಇಂದಿನ ಓದುಗರಿಗೆ ಈ ವಯಸ್ಸಿನ ಅಂತರ ದುಸ್ಸಹವೆನಿಸುವುದು ಸಹಜ. ಬಾಲ್ಯವಿವಾಹವನ್ನು ಜೀವನವೆಲ್ಲ ಖಂಡಿಸಿದ ರಮಾಬಾಯಿಯವರು ಸ್ವತಃ ಅಂಥದೊಂದು ವಿವಾಹದ ಫಲ ಎಂಬುದನ್ನು ಇತಿಹಾಸ ಮರೆಮಾಚಲಾಗದು. ಅವರೂ ತಮ್ಮ ಗ್ರಂಥದಲ್ಲಿ ಇದನ್ನು ಮರೆಮಾಚಲಿಲ್ಲ. ಆ ಬಾಲಪತ್ನಿಗೇ ಶಾಸ್ತ್ರಿಗಳು ಸಂಸ್ಕೃತವನ್ನು ಕಲಿಸಿದರು. ಸುದ್ದಿ ಹಬ್ಬಿ ಆಕ್ಷೇಪ ಬಂದಾಗ ಅವರು ಉಡುಪಿಯಲ್ಲಿ ಪಂಡಿತರ ಎದುರು ನಿಂತು, ಸ್ತ್ರೀಯರ ಸಂಸ್ಕೃತ ವ್ಯಾಸಂಗಕ್ಕೆ ಬಾಧಕವಿಲ್ಲವೆಂದು ಶಾಸ್ತ್ರವಚನಗಳಿಂದಲೇ ಸಮರ್ಥಿಸಿಕೊಂಡರು. ಆದರೂ ಊರಿನ ಸಹವಾಸ ಸಾಕೆನಿಸಿ, ಘಟ್ಟದ ಮೇಲಿನ ಗಂಗಾಮೂಲದ ಕಾಡಿನಲ್ಲಿ ಆಶ್ರಮವೊಂದನ್ನು ಕಟ್ಟಿಕೊಂಡು ವಿದ್ಯಾರ್ಥಿಗಳಿಗೆ ಪಾಠ ಹೇಳತೊಡಗಿದರು. 1858ರ ಏಪ್ರಿಲ್ 23ರಂದು ರಮಾಬಾಯಿಯವರ ಜನನ ಆ ಆಶ್ರಮದಲ್ಲಿ ಆಯಿತು.

ಅತಿಥಿಗಳ ಸತ್ಕಾರದಲ್ಲಿಯೂ ವಿದ್ಯಾರ್ಥಿಗಳ ಪೋಷಣೆಯಲ್ಲಿಯೂ ಆಸ್ತಿ ಕರಗಿತು. ಮಗುವಿಗೆ ಆರು ತಿಂಗಳಾದಾಗ ಕುಟುಂಬ ಆಶ್ರಮವನ್ನು ತೊರೆದು ಯಾತ್ರೆ ಹೊರಟಿತು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಗುವನ್ನು ಮಲಗಿಸಿ, ಆಳೊಬ್ಬನ ತಲೆಯ ಮೇಲಿರಿಸಿ ಘಟ್ಟವಿಳಿಸಿದರಂತೆ. ಅಂದಿನಿಂದ ಮುಂದೆ ಅವರಿಗೆ ನೆಲೆಯಾದ ಊರೆಂಬುದು ಇರಲಿಲ್ಲ. ಕ್ಷೇತ್ರಗಳಲ್ಲಿ ಪುರಾಣ ಪ್ರವಚನ ಮಾಡುವುದು, ಕೊಟ್ಟ ದಕ್ಷಿಣೆಯಿಂದ ದಿನ ಕಳೆಯುವುದು, ಮತ್ತೆ ನಡೆಯುವುದು, ಇದೇ ಜೀವನಕ್ರಮವಾಯಿತು. ತಂದೆಗೆ ವಯಸ್ಸಾಗಿದ್ದುದರಿಂದ ಮಗಳಿಗೆ ಪಾಠ ಹೇಳುವ ಹೊಣೆ ತಾಯಿಯ ಮೇಲೆ ಬಿತ್ತು. ಬೆಳಗಿನ ಜಾವದಲ್ಲಿ ಎಬ್ಬಿಸಿ ತಾಯಿ ಹೇಳಿಕೊಟ್ಟ ಪಾಠದ ಬಲದಿಂದ ಮಗಳಿಗೆ ಹದಿನೈದು ತುಂಬುವ ವೇಳೆಗೆ ಭಾಗವತದ 18,000 ಶ್ಲೋಕಗಳು ಕಂಠಸ್ಥವಾಗಿದ್ದವು. ಮರಾಠಿ ಮನೆಮಾತಾದರೆ, ಕನ್ನಡವೂ ಹಿಂದುಸ್ತಾನಿಯೂ ದಾರಿಯಲ್ಲಿ ಬಂದವು. ಬಂಗಾಳಿ ಮುಂದೆ ಸೇರಿತು.

ಈ ತಾಯಿಯನ್ನು ಚರಿತ್ರಕಾರರು ಅಷ್ಟಾಗಿ ಗಮನಿಸಿಲ್ಲ. ರಮಾಬಾಯಿಯವರು ಮಾತ್ರ ತಮ್ಮ ಆಂಗ್ಲ ಗ್ರಂಥ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಅನ್ನು 1887ರಲ್ಲಿ ಪ್ರಕಟಿಸಿದಾಗ ಅದನ್ನು ತಾಯಿಯ ಸ್ಮರಣೆಗೇ ಅರ್ಪಿಸಿದರು. ವಿದ್ಯೆ ಗಂಡಸಿನಿಂದ ಹೆಂಗಸಿಗೆ, ಹೆಂಗಸಿನಿಂದ ಮಗಳಿಗೆ ದಾಟಿ ಬಂದ ಈ ಮನೆಯೇ ಅವರು ಮುಂದೆ ಸ್ಥಾಪಿಸಿದ ವಿದ್ಯಾಸಂಸ್ಥೆಗಳ ಮೂಲ ಮಾದರಿ.

ಕ್ಷಾಮ ಮತ್ತು ಅನಾಥತ್ವ

1876-78ರ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮದ ಸ್ಮೃತಿ ಮೈಸೂರು ಸೀಮೆಯ ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿತ್ತು. ಅದಕ್ಕೂ ಮುನ್ನವೇ, ದಕ್ಷಿಣದಲ್ಲಿ ಅಲೆಯುತ್ತಿದ್ದ ಈ ಕುಟುಂಬಕ್ಕೆ ಬರಗಾಲದ ಬಿಸಿ ತಟ್ಟಿತು. ಕೈಯಲ್ಲಿದ್ದ ಹಣ, ಪಾತ್ರೆಪದಾರ್ಥ, ಬಟ್ಟೆಬರೆ ಎಲ್ಲವೂ ಮುಗಿದವು. ಪ್ರವಚನ ಕೇಳುವವರಿಲ್ಲ, ಕೂಲಿ ಮಾಡಿ ಅಭ್ಯಾಸವಿಲ್ಲ, ಭಿಕ್ಷೆ ಬೇಡಲು ಕುಲಾಭಿಮಾನ ಬಿಡಲಿಲ್ಲ. ಕಾಡಿಗೆ ಹೋಗಿ ಅಲ್ಲಿಯೇ ಪ್ರಾಣ ಬಿಡುವುದೆಂದು ನಿರ್ಧರಿಸುವ ಹಂತಕ್ಕೆ ಅವರು ಬಂದರು. 1874ರಲ್ಲಿ ತಂದೆ ತೀರಿಕೊಂಡರು. ಸ್ವಲ್ಪ ಕಾಲದಲ್ಲಿ ತಾಯಿ. ಅನಂತರ ಅಕ್ಕ ಕೃಷ್ಣಾಬಾಯಿ.

ತಾಯಿಯ ಅಂತ್ಯಸಂಸ್ಕಾರದ ಪ್ರಸಂಗವನ್ನು ರಮಾಬಾಯಿಯವರೇ ಬರೆದಿಟ್ಟಿದ್ದಾರೆ. ಚಟ್ಟವನ್ನು ಹೊರಲು ನಾಲ್ಕು ಜನ ಬೇಕು. ಇಬ್ಬರು ಬ್ರಾಹ್ಮಣರು ಕನಿಕರದಿಂದ ಮುಂದೆ ಬಂದರು. ಮೂರನೆಯವನು ಅಣ್ಣ ಶ್ರೀನಿವಾಸ. ನಾಲ್ಕನೆಯವರು ಬೇರೆ ಯಾರೂ ಇಲ್ಲದೆ ಮಗಳೇ ಹೆಗಲು ಕೊಡಬೇಕಾಯಿತು. ಅವರು ಗಿಡ್ಡನೆಯ ಹುಡುಗಿ. ಹೆಗಲು ಎಟುಕದ ಕಾರಣ ಆ ಭಾರವನ್ನು ತಲೆಯ ಮೇಲೆ ಹೊತ್ತು ನಡೆದರು. ಹೆಣ್ಣುಮಕ್ಕಳು ಶ್ಮಶಾನಕ್ಕೆ ಹೋಗುವುದೇ ನಿಷಿದ್ಧವಾಗಿದ್ದ ಕಾಲ ಅದು ಎಂಬುದನ್ನು ನೆನೆದರೆ ಈ ಘಟನೆಯ ಗಾಂಭೀರ್ಯ ತಿಳಿದೀತು. ಆಚಾರದ ಕಟ್ಟು ರಮಾಬಾಯಿಯವರ ಪಾಲಿಗೆ ಮೊದಲು ಸಡಿಲಿದ್ದು ತರ್ಕದಿಂದಲ್ಲ, ಹಸಿವಿನಿಂದ.

ಅಣ್ಣತಂಗಿಯರು ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಅಲೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ಪಂಡಿತರು ಆ ತರುಣಿಯನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. ಬ್ರಾಹ್ಮ ಸಮಾಜದ ಕೇಶವಚಂದ್ರ ಸೇನರು ವೇದವನ್ನು ಓದುವಂತೆ ಪ್ರೇರೇಪಿಸಿದರು. 1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ಜೂನ್ ತಿಂಗಳಲ್ಲಿ ಅವರು ಶೂದ್ರ ಕುಲದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಧಾರ್ಮಿಕ ವಿಧಿಯಿಲ್ಲದೆ ನೋಂದಣಿ ವಿವಾಹದ ಮೂಲಕ ವರಿಸಿದರು. ದಂಪತಿಗಳು ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ ಹೂಡಿದರು. 1881ರ ಏಪ್ರಿಲಿನಲ್ಲಿ ಮಗಳು ಮನೋರಮಾ ಜನಿಸಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಬೇನೆಯಿಂದ ಪತಿ ಮೃತರಾದರು. ಎರಡು ವರ್ಷ ತುಂಬುವ ಮುನ್ನವೇ ಸಂಸಾರ ಮುಗಿದು, 23 ವರ್ಷದ ವಿಧವೆ ಹಸುಗೂಸಿನೊಡನೆ ಉಳಿದರು.

ಪುಣೆಯಿಂದ ವಾಂಟೇಜಿಗೆ

ಅದೇ ವರ್ಷ ಅವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಮರಾಠಿಯಲ್ಲಿ ‘ಸ್ತ್ರೀ ಧರ್ಮ ನೀತಿ’ ಎಂಬ ಪುಸ್ತಕವನ್ನು ಬರೆದರು. ಸರ್ಕಾರ ನೇಮಿಸಿದ್ದ ಹಂಟರ್ ವಿದ್ಯಾ ಆಯೋಗದ ಎದುರು ಮರಾಠಿಯಲ್ಲಿ ಹೇಳಿಕೆ ಕೊಟ್ಟು, ಹುಡುಗಿಯರ ಶಾಲೆಗಳಿಗೆ ಉಪಾಧ್ಯಾಯಿನಿಯರೂ ತನಿಖಾಧಿಕಾರಿಣಿಯರೂ ಬೇಕು, ಹೆಂಗಸರಿಗೆ ವೈದ್ಯವಿದ್ಯೆಯ ಬಾಗಿಲು ತೆರೆಯಬೇಕು ಎಂದು ವಾದಿಸಿದರು. ಗಂಡಸು ವೈದ್ಯರಿಗೆ ತಮ್ಮ ನೋವನ್ನು ಹೇಳಿಕೊಳ್ಳಲಾರದೆ ಹೆಂಗಸರು ಸಾಯುತ್ತಿದ್ದುದು ಅವರು ಕಣ್ಣಾರೆ ಕಂಡ ಸಂಗತಿ. ತಾವೇ ವೈದ್ಯಶಾಸ್ತ್ರ ಕಲಿಯಬೇಕೆಂದು 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೊರಟರು. ಕಿವಿ ಮಂದವಾಗಿದ್ದುದರಿಂದ ಆ ಆಸೆ ಕೈಗೂಡಲಿಲ್ಲ.

ವಾಂಟೇಜ್ ಎಂಬ ಊರಿನ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ಅವರು ಆಶ್ರಯ ಪಡೆದಿದ್ದರು. ಸಮಾಜ ಪತಿತೆಯರೆಂದು ದೂಡಿದ ಹೆಂಗಸರನ್ನು ಆ ಮಠದವರು ಉಪಚರಿಸುತ್ತಿದ್ದ ಬಗೆ ಅವರ ಮನಸ್ಸನ್ನು ಆಳವಾಗಿ ತಟ್ಟಿತು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು. ತತ್ತ್ವದ ಚರ್ಚೆಗಿಂತ ಸೇವೆಯ ದೃಶ್ಯವೇ ಅವರನ್ನು ಆ ಮತದತ್ತ ಮೊದಲು ಸೆಳೆದುದು ಎಂಬ ಅಂಶ ಮುಂದಿನ ಬೆಳವಣಿಗೆಯ ದೃಷ್ಟಿಯಿಂದ ಮಹತ್ವದ್ದು. ಪುಣೆಯಲ್ಲಿ ಈ ಸುದ್ದಿ ದೊಡ್ಡ ಕೋಲಾಹಲವನ್ನೆಬ್ಬಿಸಿತು. ಜ್ಯೋತಿರಾವ್ ಫುಲೆಯವರಂಥ ಕೆಲವರು ಮಾತ್ರ ಬಹಿರಂಗವಾಗಿ ಅವರ ಪರ ನಿಂತರು.

ಮತಾಂತರದ ಬಳಿಕ ರಮಾಬಾಯಿಯವರು ಸಭೆಯ ವಿನೀತ ಶಿಷ್ಯೆಯಾದರೆಂದು ತಿಳಿದವರು ಅವರ ಪತ್ರಗಳನ್ನು ಓದಬೇಕು. ವಾಂಟೇಜಿನ ಸಿಸ್ಟರ್ ಜೆರಾಲ್ಡಿನ್ ಅವರು ಸಂಗ್ರಹಿಸಿಟ್ಟಿದ್ದ ಈ ಪತ್ರವ್ಯವಹಾರವನ್ನು ಎ. ಬಿ. ಶಾ ಅವರು ಸಂಪಾದಿಸಿ 1977ರಲ್ಲಿ ಪ್ರಕಟವಾದ ಮೇಲೆ ಹಳೆಯ ಚಿತ್ರ ಬಹಳಷ್ಟು ಬದಲಾಯಿತು. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಅವರು ಸಂಸ್ಕೃತ ಬೋಧಿಸುತ್ತಿದ್ದ ದಿನಗಳಲ್ಲಿ ಗಂಡಸರಿಗೂ ಪಾಠ ಹೇಳುವ ಪ್ರಸ್ತಾಪ ಬಂದಾಗ ಬಿಷಪರು ತಡೆದರು. ರಮಾಬಾಯಿಯವರು ಆ ನಿರ್ಬಂಧವನ್ನು ಪ್ರತಿಭಟಿಸಿದರು. ತ್ರಯೈಕ್ಯ ಸಿದ್ಧಾಂತವನ್ನು ಬುದ್ಧಿಗೆ ಒಪ್ಪಿಗೆಯಾಗದೆ ಬಾಯಿಮಾತಿನಲ್ಲಿ ಒಪ್ಪಲಾರೆನೆಂದರು. ಶಿಲುಬೆಯ ಮೇಲಿನ ಲ್ಯಾಟಿನ್ ಬರಹ ತಮ್ಮ ಜನಕ್ಕೆ ಏನನ್ನೂ ಹೇಳದು, ಅದರ ಬದಲು ಸಂಸ್ಕೃತವಿರಲಿ ಎಂದು ವಾದಿಸಿದರು. ಒಂದು ಪುರೋಹಿತ ವರ್ಗದ ನೊಗವನ್ನು ಕಷ್ಟಪಟ್ಟು ಕಳಚಿದವಳು ಇನ್ನೊಂದಕ್ಕೆ ಕೊರಳೊಡ್ಡಲಾರೆನೆಂಬುದೇ ಅವರ ವಾದದ ತಿರುಳು. ಮಾಂಸಾಹಾರವನ್ನು ಅವರು ಅಲ್ಲಿಯೂ ಮುಟ್ಟಲಿಲ್ಲ.

ಸಿಸ್ಟರ್ ಜೆರಾಲ್ಡಿನ್ ಅವರಿಗೂ ಅನ್ಯಾಯವಾಗಬಾರದು. ಅವರ ವಾತ್ಸಲ್ಯ ನಿಜವಾದದ್ದು. ತಮ್ಮ ಆಧ್ಯಾತ್ಮಿಕ ಪುತ್ರಿ ದಾರಿ ತಪ್ಪಬಾರದೆಂಬ ಕಳಕಳಿಯೂ ನಿಜವಾದದ್ದು. ತಾಯಿಯ ಪ್ರೀತಿಯೂ ಸಭೆಯ ಅಧಿಕಾರವೂ ಒಂದೇ ವ್ಯಕ್ತಿಯಲ್ಲಿ ಕೂಡಿದ್ದುದರಿಂದ ಘರ್ಷಣೆ ಇನ್ನಷ್ಟು ನೋವಿನದಾಯಿತು. ಮನೋರಮಾಳ ಧಾರ್ಮಿಕ ಶಿಕ್ಷಣದ ವಿಷಯದಲ್ಲಂತೂ ಈ ಇಬ್ಬರ ನಡುವೆ ಕಟುವಾದ ಪತ್ರಗಳೇ ನಡೆದಿವೆ.

ತೆರೆದ ಬಾಗಿಲು

1886ರಲ್ಲಿ ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯಾದ ಮಹಿಳಾ ವೈದ್ಯ ಕಾಲೇಜಿನಿಂದ ಪದವಿ ಪಡೆಯುವ ಸಮಾರಂಭಕ್ಕೆಂದು ರಮಾಬಾಯಿಯವರು ಅಮೆರಿಕಕ್ಕೆ ಹೋದರು. ಅಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಉಳಿದು ಭಾಷಣಗಳನ್ನು ಮಾಡಿದರು, ಮೇಲೆ ಹೇಳಿದ ಆಂಗ್ಲ ಗ್ರಂಥವನ್ನು ಬರೆದರು. 1887ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಸ್ಥಾಪಿತವಾಯಿತು. ಭಾರತದ ಬಾಲವಿಧವೆಯರ ಶಾಲೆಯೊಂದಕ್ಕೆ ಹತ್ತು ವರ್ಷಗಳ ಕಾಲ ಸಹಾಯ ಮಾಡಲು ಅದು ಒಪ್ಪಿತು. ಶಾಲೆಯಲ್ಲಿ ಮತಬೋಧನೆ ಇರಕೂಡದೆಂಬುದು ಒಪ್ಪಂದದ ಆಧಾರಸೂತ್ರ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು; ಮರುವರ್ಷ ಪುಣೆಗೆ ವರ್ಗವಾಯಿತು. ಬ್ರಾಹ್ಮಣ ವಿಧವೆಯರು ತಮ್ಮ ಆಚಾರವನ್ನು ಪಾಲಿಸಿಕೊಂಡು ಇರಲು ಅಲ್ಲಿ ಅನುಕೂಲವಿತ್ತು. ಮಡಿಯ ಅಡಿಗೆಯ ವ್ಯವಸ್ಥೆಯೂ ಇತ್ತು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರಕರರಂಥ ಹಿರಿಯರು ಸಲಹಾ ಸಮಿತಿಯಲ್ಲಿದ್ದರು. ಸದನದ ಮೊದಲ ವಿದ್ಯಾರ್ಥಿನಿ ಗೋದೂಬಾಯಿ ಎಂಬ ತರುಣ ವಿಧವೆ. 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಆಕೆಯನ್ನು ಮದುವೆಯಾದರು. ಮುಂದೆ ವಿಧವಾಶ್ರಮವನ್ನೂ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿ 1958ರಲ್ಲಿ ಭಾರತರತ್ನ ಪಡೆದ ಕರ್ವೆಯವರ ಮನೆಯೊಡತಿ ರಮಾಬಾಯಿಯವರ ಶಾಲೆಯಿಂದ ಬಂದವರು ಎಂಬುದನ್ನು ಮರೆಯಬಾರದು.

ವಿವಾದ ಹುಟ್ಟಿದ್ದು ಒಂದು ಬಾಗಿಲಿನ ಸಲುವಾಗಿ. ರಮಾಬಾಯಿಯವರು ಪ್ರತಿದಿನ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುತ್ತಿದ್ದರು. ಆ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಯಾರನ್ನೂ ಕರೆಯಲೂ ಇಲ್ಲ, ಬಂದವರನ್ನು ತಡೆಯಲೂ ಇಲ್ಲ. ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದರು. ಇದು ಪರೋಕ್ಷ ಮತಪ್ರಚಾರವೆಂದು ತಿಲಕರ ‘ಕೇಸರಿ’ ಪತ್ರಿಕೆ ಉಗ್ರವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರಕರರು ಸಮಿತಿಯಿಂದ ಹೊರಬಂದರು. ಪೋಷಕರು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಈ ವಿವಾದದಲ್ಲಿ ತೀರ್ಪು ಕೊಡುವುದು ಸುಲಭವಲ್ಲ. ಮತಬೋಧನೆ ಇಲ್ಲವೆಂಬ ಭರವಸೆಯ ಮೇಲೆ ಹೆಣ್ಣುಮಕ್ಕಳನ್ನು ಕಳುಹಿಸಿದ ಪೋಷಕರಿಗೆ ಭಯವಾದುದು ಅಕಾರಣವಲ್ಲ. ಸಂಸ್ಥೆಯ ಮುಖ್ಯಸ್ಥೆಯ ನಡೆ ಬಾಲಕಿಯರ ಮೇಲೆ ಬೀರುವ ಪ್ರಭಾವ ಮಾತಿಗಿಂತ ಬಲವಾದದ್ದು. ಇದನ್ನು ಅರಿಯದಷ್ಟು ಮುಗ್ಧೆ ರಮಾಬಾಯಿಯವರಾಗಿರಲಿಲ್ಲ. ಇನ್ನೊಂದು ಕಡೆ, ಸದನ ಶಾಲೆಯಂತೆಯೇ ಮನೆಯೂ ಆಗಿತ್ತು. ತಾಯಿಯೊಬ್ಬಳು ತನ್ನ ಮಗಳೊಡನೆ ಪ್ರಾರ್ಥಿಸುವಾಗ, ತನ್ನನ್ನೇ ತಾಯಿಯೆಂದು ನಂಬಿ ಬಂದ ಉಳಿದ ಮಕ್ಕಳ ಮುಖಕ್ಕೆ ಬಾಗಿಲು ಹಾಕಬೇಕೆ? ರಮಾಬಾಯಿಯವರು ಇದಕ್ಕೆ ಒಪ್ಪಲಿಲ್ಲ. ಸುಧಾರಕರು ಆ ಸದನವನ್ನು ಸಾರ್ವಜನಿಕ ಸಂಸ್ಥೆಯೆಂದು ಕಂಡರು. ರಮಾಬಾಯಿಯವರು ಅದನ್ನು ತಮ್ಮ ಮನೆಯೆಂದು ಕಂಡರು. ಎರಡು ದೃಷ್ಟಿಗಳೂ ಪ್ರಾಮಾಣಿಕವಾಗಿದ್ದವು, ಅವು ಒಂದೇ ಸೂರಿನಡಿ ನಿಲ್ಲಲಾರದವಾಗಿದ್ದವು. ಕುಟುಂಬ, ಸಭೆ, ಸೇವೆ ಮೂರನ್ನೂ ಒಂದಾಗಿ ಬಾಳಲು ಹೊರಟವರು ತೆರಬೇಕಾದ ಬೆಲೆ ಏನೆಂಬುದು ಈ ಪ್ರಸಂಗದಲ್ಲಿ ಸ್ಪಷ್ಟವಾಗುತ್ತದೆ. ಅವರು ಸ್ವಜನರ ವಿಶ್ವಾಸವನ್ನು ಕಳೆದುಕೊಂಡರು.

ಮುಕ್ತಿ

1896-97ರಲ್ಲಿ ಮಧ್ಯಪ್ರಾಂತಗಳಲ್ಲಿ ಭೀಕರ ಕ್ಷಾಮ ತಲೆದೋರಿತು. ಇಪ್ಪತ್ತು ವರ್ಷಗಳ ಹಿಂದಿನ ತಮ್ಮ ಹಸಿವನ್ನು ಮರೆಯದ ರಮಾಬಾಯಿಯವರು ಸ್ವತಃ ಅಲ್ಲಿಗೆ ಹೋದರು. ಕ್ಷಾಮ ಪರಿಹಾರದ ಶಿಬಿರಗಳಲ್ಲಿ ಅನಾಥ ಹುಡುಗಿಯರು ದುಷ್ಟರ ಕೈಗೆ ಸಿಕ್ಕುತ್ತಿದ್ದುದನ್ನು ಕಂಡು, ಸುಮಾರು 300 ಮಂದಿ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಅದೇ ಕಾಲಕ್ಕೆ ಪ್ಲೇಗು ಹರಡಿತ್ತು. ಆದುದರಿಂದ ಪುಣೆಯ ಪೂರ್ವಕ್ಕೆ ರೈಲುದಾರಿಯಲ್ಲಿರುವ ಕೇಡಗಾಂವದಲ್ಲಿ, ಮೊದಲೇ ಕೊಂಡಿದ್ದ ಸುಮಾರು 100 ಎಕರೆ ಹೊಲದಲ್ಲಿ ಅವರನ್ನು ಇರಿಸಬೇಕಾಯಿತು. ಅದೇ ‘ಮುಕ್ತಿ’ ಎಂಬ ನೆಲೆಯಾಗಿ ಬೆಳೆಯಿತು. ಪ್ಲೇಗು ಆಸ್ಪತ್ರೆಯ ವ್ಯವಸ್ಥೆಯಲ್ಲಿ ಹೆಂಗಸರಿಗಾಗುತ್ತಿದ್ದ ಅವಮಾನವನ್ನು ಖಂಡಿಸಿ 1897ರಲ್ಲಿ ಅವರು ಪತ್ರಿಕೆಗೆ ಬರೆದರು. ಕ್ರೈಸ್ತರಾದ ಮಾತ್ರಕ್ಕೆ ಆಂಗ್ಲ ಸರ್ಕಾರದ ತಪ್ಪಿಗೆ ಕಣ್ಣು ಮುಚ್ಚುವವರು ಅವರಾಗಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

1900ರಲ್ಲಿ ಗುಜರಾತಿನ ಕ್ಷಾಮ ಬಂದಾಗ ಮತ್ತಷ್ಟು ಮಕ್ಕಳು ಬಂದರು. ನಿವಾಸಿಗಳ ಸಂಖ್ಯೆ ಒಂದೂವರೆ ಸಾವಿರವನ್ನು ಮುಟ್ಟಿತು. ಶಾರದಾ ಸದನ ಬಹುಮಟ್ಟಿಗೆ ಬ್ರಾಹ್ಮಣ ವಿಧವೆಯರದಾಗಿದ್ದರೆ, ಮುಕ್ತಿಗೆ ಬಂದವರಲ್ಲಿ ಎಲ್ಲ ಜಾತಿಯವರೂ ಇದ್ದರು. ಕುಲೀನ ವಿಧವೆಯ ದುಃಖದಿಂದ ಆರಂಭವಾದ ಕಾರ್ಯ ಹಸಿದ ಹೆಣ್ಣಿನ ದುಃಖಕ್ಕೆ ವಿಸ್ತರಿಸಿತು. ಬೇಸಾಯ, ಹೈನು, ನೇಯ್ಗೆ, ಎಣ್ಣೆಗಾಣ, ಹೊಲಿಗೆ, ಅಚ್ಚಿನ ಕೆಲಸ, ಎಲ್ಲವನ್ನೂ ಹೆಂಗಸರೇ ಕಲಿತು ನಡೆಸಿದರು. ಕುರುಡರಿಗೆ ಬ್ರೈಲ್ ಲಿಪಿಯನ್ನು ಕಲಿಸಲಾಯಿತು. ವಂಚನೆಗೊಳಗಾಗಿ ಬೀದಿಪಾಲಾದವರಿಗೆ ಕೃಪಾ ಸದನವೆಂಬ ಬೇರೊಂದು ಆಶ್ರಯವಿತ್ತು. ವಾಂಟೇಜಿನ ಮಠದವರು ನಡೆಸುತ್ತಿದ್ದ ಸೇವೆಯ ನೆನಪು ಇದರ ಹಿಂದಿದೆಯೆಂಬುದು ಸ್ಪಷ್ಟ.

ಇಲ್ಲಿಯ ಸಭೆ ಯಾವ ವಿದೇಶೀ ಸಭೆಯ ಶಾಖೆಯೂ ಆಗಿರಲಿಲ್ಲ. 1899ರಲ್ಲಿ ಕಟ್ಟಡದ ಕೆಲಸ ಮೊದಲಾದ ವಿಶಾಲ ದೇವಾಲಯದಲ್ಲಿ ಹೆಂಗಸರು ನೆಲದ ಮೇಲೆ ಕುಳಿತು ಮರಾಠಿಯಲ್ಲಿ ಆರಾಧಿಸಿದರು. 1905ರಲ್ಲಿ ಅಲ್ಲಿ ಉಂಟಾದ ಭಕ್ತಿಯ ಜಾಗೃತಿ ಲೋಕದ ಕ್ರೈಸ್ತ ಇತಿಹಾಸದಲ್ಲಿ ಉಲ್ಲೇಖಗೊಳ್ಳುವಂಥದು. ರಮಾಬಾಯಿಯವರ ಕೊನೆಯ ಮಹತ್ಕಾರ್ಯ ಸತ್ಯವೇದದ ಮರಾಠಿ ಅನುವಾದ. ಅಂದು ಬಳಕೆಯಲ್ಲಿದ್ದ ಅನುವಾದ ಓದು ಕಡಮೆಯಾದ ಹೆಂಗಸರಿಗೆ ಕಠಿನವೆಂದು ಅವರಿಗೆ ತೋರಿತು. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಮೂಲವನ್ನು ನೋಡಿ, ಸುಲಭವಾದ ಆಡುಮಾತಿಗೆ ತಂದರು. ಮುಕ್ತಿಯ ಮುದ್ರಣಾಲಯದಲ್ಲಿ ಹೆಂಗಸರೇ ಅಚ್ಚುಮೊಳೆ ಜೋಡಿಸಿ ಅದನ್ನು ಮುದ್ರಿಸಿದರು. ಸ್ತ್ರೀಗೆ ಶಾಸ್ತ್ರಾಧ್ಯಯನದ ಅಧಿಕಾರವಿದೆಯೆಂದು ತಂದೆ ಉಡುಪಿಯಲ್ಲಿ ವಾದಿಸಿದ್ದರು. ಮಗಳು ಬೇರೊಂದು ಶಾಸ್ತ್ರವನ್ನು ಹಿಡಿದು ಅದೇ ವಾದವನ್ನು ಪೂರ್ಣಗೊಳಿಸಿದರು: ಓದುವ ಅಧಿಕಾರ, ಅರ್ಥ ಹೇಳುವ ಅಧಿಕಾರ, ಅಚ್ಚು ಹಾಕುವ ಅಧಿಕಾರ ಮೂರೂ ಹೆಂಗಸಿನ ಕೈಗೆ ಬಂದವು.

ಮನೋರಮಾ ಮತ್ತು ಗುಲ್ಬರ್ಗ

ಸೇವಾಜೀವಿಗಳ ಚರಿತ್ರೆಯಲ್ಲಿ ಅವರ ಮಕ್ಕಳ ಚರಿತ್ರೆ ಸಾಮಾನ್ಯವಾಗಿ ಅಡಗಿಹೋಗುತ್ತದೆ. ಮನೋರಮಾ ತಾಯಿಯನ್ನು ನೂರಾರು ಜನರೊಡನೆ ಹಂಚಿಕೊಂಡು ಬೆಳೆದ ಮಗಳು. ಬಾಲ್ಯದಲ್ಲಿ ಕೆಲವು ಕಾಲ ತಾಯಿಯಿಂದ ದೂರ, ವಾಂಟೇಜಿನ ಮಠದಲ್ಲಿ ಇರಬೇಕಾಯಿತು. ಮುಂದೆ ವ್ಯಾಸಂಗಕ್ಕೆಂದು ಅಮೆರಿಕದಲ್ಲಿ ಇದ್ದರು. ಮರಳಿದ ಮೇಲೆ ಶಾರದಾ ಸದನದ ಹೊಣೆಯನ್ನು ಹೊತ್ತು ತಾಯಿಯ ಬಲಗೈಯಾದರು.

1912ರ ಸುಮಾರಿಗೆ, ಅಂದು ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಗುಲ್ಬರ್ಗದಲ್ಲಿ ರಮಾಬಾಯಿಯವರು ಪ್ರೌಢಶಾಲೆಯೊಂದನ್ನು ಸ್ಥಾಪಿಸಿದರು; ಮನೋರಮಾ ಅದರ ಮುಖ್ಯಸ್ಥೆಯಾದರು. ಗಂಗಾಮೂಲದಿಂದ ಬೆತ್ತದ ಪೆಟ್ಟಿಗೆಯಲ್ಲಿ ಹೊರಬಿದ್ದ ಮಗು ಅರ್ಧ ಶತಮಾನದ ಮೇಲೆ ವಿದ್ಯಾಲಯವೊಂದನ್ನು ಕಟ್ಟಲು ಕನ್ನಡದ ನೆಲಕ್ಕೆ ಮರಳಿ ಬಂದಂತಾಯಿತು. ಇಂದಿನ ಕಲಬುರಗಿಯ ಸ್ತ್ರೀಶಿಕ್ಷಣದ ಚರಿತ್ರೆಯನ್ನು ಬರೆಯುವವರು ಈ ಪ್ರಯತ್ನದಿಂದ ಆರಂಭಿಸಿದರೆ ತಪ್ಪಾಗಲಾರದು.

1919ರಲ್ಲಿ ಸರ್ಕಾರ ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತಿತು. 1921ರ ಜುಲೈಯಲ್ಲಿ ಮನೋರಮಾ ತಮ್ಮ ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಪತಿ ಎಲ್ಲರನ್ನೂ ಕಳೆದುಕೊಂಡಿದ್ದ ರಮಾಬಾಯಿಯವರಿಗೆ ಉಳಿದಿದ್ದ ಒಂದೇ ರಕ್ತಸಂಬಂಧವೂ ಹೋಯಿತು. ಒಂಬತ್ತು ತಿಂಗಳೊಳಗೆ, 1922ರ ಏಪ್ರಿಲ್ 5ರಂದು, ಅವರೂ ಕೇಡಗಾಂವದಲ್ಲಿ ಕಾಲವಾದರು. ಅನುವಾದದ ಕೆಲಸ ಆ ವೇಳೆಗೆ ಮುಗಿದಿತ್ತು. ಗ್ರಂಥ ಸಂಪೂರ್ಣವಾಗಿ ಪ್ರಕಟವಾದದ್ದು 1924ರಲ್ಲಿ.

ಸ್ಮರಣೆಯ ಪ್ರಶ್ನೆ

ರಮಾಬಾಯಿಯವರ ಸ್ಮರಣೆ ಇಂದು ಇಲ್ಲವೆಂದಲ್ಲ. ಭಾರತ ಸರ್ಕಾರ 1989ರಲ್ಲಿ ಅವರ ಅಂಚೆಚೀಟಿಯನ್ನು ಹೊರತಂದಿತು. ಇಂಗ್ಲೆಂಡು, ಅಮೆರಿಕಗಳ ಆಂಗ್ಲಿಕನ್ ಸಭೆಗಳ ಪಂಚಾಂಗದಲ್ಲಿ ಅವರ ಸ್ಮರಣೆಗೆ ದಿನ ಗೊತ್ತಾಗಿದೆ. ಯಾವ ಸಭೆಯೊಡನೆ ಅವರು ಅಷ್ಟೊಂದು ವಾದಿಸಿದರೋ ಆ ಸಭೆಯೇ ಅವರನ್ನು ಪೂಜ್ಯರ ಪಂಕ್ತಿಯಲ್ಲಿ ಕೂರಿಸಿದೆ. ಉಮಾ ಚಕ್ರವರ್ತಿಯವರ 1998ರ ಗ್ರಂಥವೂ ಮೀರಾ ಕೋಸಂಬಿಯವರ ಸಂಪಾದನೆ, ಅನುವಾದಗಳೂ ವಿದ್ವತ್ ಲೋಕದ ಮೌನವನ್ನು ಬಹಳಷ್ಟು ಮುರಿದಿವೆ. ರಾಷ್ಟ್ರೀಯತೆಯ ಇತಿಹಾಸದಲ್ಲಿ ಮತಾಂತರಗೊಂಡ ಸ್ತ್ರೀಗೆ ಸ್ಥಳ ದೊರೆಯದೆ ಹೋದದ್ದೇಕೆ ಎಂಬ ಪ್ರಶ್ನೆಯನ್ನು ಈ ಅಧ್ಯಯನಗಳು ನಮ್ಮ ಮುಂದಿಟ್ಟಿವೆ.

ಆದರೂ ಒಂದು ಎಚ್ಚರಿಕೆ ಅಗತ್ಯ. ಸಭೆಯ ಸ್ಮರಣೆ ಅವರ ಪ್ರತಿಭಟನೆಯನ್ನು ಮರೆತು ಭಕ್ತಿಯನ್ನು ಮಾತ್ರ ಉಳಿಸಿಕೊಳ್ಳುವ ಅಪಾಯವಿರುವಂತೆಯೇ, ಇಂದಿನ ವಿಮರ್ಶೆ ಅವರ ಭಕ್ತಿಯನ್ನು ಮರೆತು ಪ್ರತಿಭಟನೆಯನ್ನು ಮಾತ್ರ ಉಳಿಸಿಕೊಳ್ಳುವ ಅಪಾಯವೂ ಇದೆ. ಸಿಸ್ಟರ್ ಜೆರಾಲ್ಡಿನ್ ಅವರಿಗೆ ಎದುರು ಬರೆದ ಲೇಖನಿಯೇ ಸತ್ಯವೇದವನ್ನು ಅನುವಾದಿಸಿತು. ತಾಯಿಯ ಚಟ್ಟವನ್ನು ಹೊತ್ತ ತಲೆಯೇ ಕ್ಷಾಮಪೀಡಿತರ ಹೊಣೆಯನ್ನೂ ಹೊತ್ತಿತು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ವ್ಯಕ್ತಿ ಕೈತಪ್ಪುತ್ತದೆ.

ನಮ್ಮ ಊರೂರುಗಳ ಸಭೆಗಳಲ್ಲಿ, ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ಸದ್ದಿಲ್ಲದೆ ದುಡಿದ ಕ್ರೈಸ್ತ ಮಹಿಳೆಯರು ಹಲವರಿದ್ದಾರೆ. ಅವರನ್ನು ಕುಟುಂಬವತ್ಸಲೆ, ದೈವಭಕ್ತೆ, ಸಮಾಜಸೇವಕಿ ಎಂಬ ಮೂರು ವಿಶೇಷಣಗಳಲ್ಲಿ ಸ್ಮರಿಸಿ ಮುಗಿಸುವುದು ರೂಢಿ. ಈ ಮೂರರ ನಡುವೆ ಅವರು ಅನುಭವಿಸಿದ ಎಳೆದಾಟವೇನು, ಯಾವುದಕ್ಕಾಗಿ ಯಾವುದನ್ನು ತೆತ್ತರು, ಯಾರಿಗೆ ಎದುರು ನುಡಿದರು ಎಂಬುದನ್ನು ಕೇಳಿದಾಗ ಮಾತ್ರ ಆ ಸ್ಮರಣೆ ಇತಿಹಾಸವಾಗುತ್ತದೆ. ರಮಾಬಾಯಿಯವರು ಪತ್ರಗಳನ್ನೂ ಗ್ರಂಥಗಳನ್ನೂ ಬಿಟ್ಟುಹೋದುದರಿಂದ ಅವರ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಉಳಿದವರ ಪತ್ರಗಳು, ಶಾಲೆಯ ದಾಖಲೆಗಳು, ಸಭೆಯ ನೋಂದಣಿ ಪುಸ್ತಕಗಳು ಪೆಟ್ಟಿಗೆಗಳಲ್ಲಿ ಜೀರ್ಣವಾಗುವ ಮುನ್ನ ಅವುಗಳನ್ನು ಹುಡುಕಿ ಓದುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳುವುದು ಅವಶ್ಯಕ.